ಮೋಟಾರು ಮನೆ: ನಿರ್ವಹಣೆ ಮತ್ತು ದುರಸ್ತಿಗೆ ಒಂದು ಕೈಪಿಡಿ

ರಾಯಲ್ಪಾಡು: ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡು ಹೋಬಳಿ ಆಂಧ್ರಪ್ರದೇಶದ ಗಡಿಗೆ ಹೊಂದಿಕೊಂಡಿದೆ. ಕನ್ನಡ, ತೆಲುಗು ಎರಡೂ ಕೇಳಿಬರುವ, ಮಾವಿನ ತೋಪುಗಳಿಂದ ಹೆಸರಾದ ಸೀಮೆಯಿದು. ಬೆಂಗಳೂರಿನಿಂದ ಹೊರಟು ಕೋಲಾರದ ಅಂತರಗಂಗೆ, ಮುಳಬಾಗಿಲು ತಾಲ್ಲೂಕಿನ ಆವನಿ, ಕುರುಡುಮಲೆಗಳನ್ನು ನೋಡಿ, ಶ್ರೀನಿವಾಸಪುರದ ಕಡೆಯಿಂದ ಗಡಿ ದಾಟಿ ಮದನಪಲ್ಲಿಗೆ, ಅಲ್ಲಿಂದ ಹಾರ್ಸ್ಲಿ ಹಿಲ್ಸ್‌ಗೆ ಏರುವುದು ವಾರಾಂತ್ಯದ ಪ್ರವಾಸಿಗರಿಗೆ ಒಪ್ಪುವ ಹಾದಿ. ಹಾಸಿಗೆ, ಅಡುಗೆಮನೆ, ಶೌಚಾಲಯಗಳನ್ನು ಹೊತ್ತ ಮೋಟಾರು ಮನೆಯಲ್ಲಿ ಇಂತಹ ಹಾದಿಯನ್ನು ಕ್ರಮಿಸುವ ಆಸೆ ನಗರವಾಸಿಗಳಲ್ಲಿ ಈಚಿನ ವರ್ಷಗಳಲ್ಲಿ ಹೆಚ್ಚುತ್ತಿದೆ.

ಆದರೆ ಮೋಟಾರು ಮನೆಯನ್ನು ಕೊಳ್ಳುವುದು ಅಥವಾ ಕಟ್ಟಿಸುವುದು ಸುಲಭ. ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವುದು ಕಷ್ಟ. ನಿರ್ವಹಣೆಯಲ್ಲಿನ ಲೋಪ ಕಾರಿನಲ್ಲಾದರೆ ಪ್ರಯಾಣವನ್ನು ಕೆಡಿಸುತ್ತದೆ. ಮೋಟಾರು ಮನೆಯಲ್ಲಾದರೆ ಒಳಗೆ ಮಲಗಿದವರ ಪ್ರಾಣಕ್ಕೇ ಎರವಾಗಬಹುದು. ನೆರೆಯ ಕೇರಳದಲ್ಲಿ 2024ರ ಡಿಸೆಂಬರಿನಲ್ಲಿ ನಡೆದ ದುರ್ಘಟನೆಯೊಂದು ಇದಕ್ಕೆ ಸಾಕ್ಷಿ. ಅದರ ವಿವರ ಮುಂದಿದೆ.

ಹಿನ್ನೆಲೆ

ಮನೆಯನ್ನು ಗಾಡಿಯ ಮೇಲೆ ಕೊಂಡೊಯ್ಯುವ ಪದ್ಧತಿ ಹೊಸದಲ್ಲ. ನಮ್ಮಲ್ಲಿ ಕಮಾನು ಕಟ್ಟಿದ ಎತ್ತಿನ ಗಾಡಿಗಳಲ್ಲಿ ಅಡುಗೆಯ ಸಾಮಾನು ಹೇರಿಕೊಂಡು ಜಾತ್ರೆಗೆ ಹೋಗಿ ಗಾಡಿಯ ಕೆಳಗೇ ಮಲಗುತ್ತಿದ್ದ ಕಾಲವೊಂದಿತ್ತು. ಇಂಗ್ಲೆಂಡಿನಲ್ಲಿ 1885ರಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ಲೇಖಕ 'ವಾಂಡರರ್' ಎಂಬ ಕುದುರೆ ಗಾಡಿಯನ್ನು ವಿಹಾರಕ್ಕೆಂದೇ ಕಟ್ಟಿಸಿಕೊಂಡ. ಜರ್ಮನಿಯಲ್ಲಿ 1951ರಿಂದ ವೆಸ್ಟ್‌ಫಾಲಿಯಾ ಕಂಪನಿಯು ಫೋಕ್ಸ್‌ವ್ಯಾಗನ್ ವ್ಯಾನುಗಳಿಗೆ ಮಲಗುವ, ಅಡುಗೆ ಮಾಡುವ ಸಲಕರಣೆಗಳನ್ನು ಅಳವಡಿಸಲಾರಂಭಿಸಿದ ಬಳಿಕ ಇಂತಹ ವಾಹನಗಳು ಮಧ್ಯಮ ವರ್ಗದವರ ಕೈಗೂ ಎಟುಕಿದವು.

ಕನ್ನಡಿಗರಿಗೆ ಮೋಟಾರು ಮನೆಯ ಪರಿಚಯವಾದದ್ದು ಬಹುಪಾಲು ಚಿತ್ರರಂಗದ ಮೂಲಕ. ಚಿತ್ರೀಕರಣದ ಸ್ಥಳಗಳಲ್ಲಿ ನಟನಟಿಯರ ವಿಶ್ರಾಂತಿಗೆ ನಿಲ್ಲುವ 'ಕ್ಯಾರವಾನ್' ಎಲ್ಲರಿಗೂ ಗೊತ್ತು. ಕೇರಳ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿಯನ್ನು ಪ್ರಕಟಿಸಿತು. ಕರ್ನಾಟಕದಲ್ಲಿಯೂ ಹೆಚ್ಚುಕಡಿಮೆ ಅದೇ ಅವಧಿಯಲ್ಲಿ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಸಹಭಾಗಿತ್ವದೊಂದಿಗೆ ಬಾಡಿಗೆ ಕ್ಯಾರವಾನ್‌ಗಳು ಬೆಂಗಳೂರಿನಿಂದ ಓಡಲಾರಂಭಿಸಿದವು. ಇವುಗಳ ಜೊತೆಗೆ, ಟೆಂಪೋ ಟ್ರಾವೆಲರ್ ಹಾಗೂ ಮಿನಿಬಸ್ಸುಗಳನ್ನು ಸ್ವಂತಕ್ಕೆ ಮಾರ್ಪಡಿಸಿಕೊಂಡವರೂ ಇದ್ದಾರೆ.

ನೋಂದಣಿ ಮತ್ತು ಕಾನೂನು

ದುರಸ್ತಿಯ ಮಾತಿಗೆ ಮುನ್ನ ಕಾನೂನನ್ನು ತಿಳಿದಿರುವುದು ಅಗತ್ಯ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ನಮೂನೆಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ನೀಡಿದ ತೀರ್ಪಿನಲ್ಲಿಯೂ ಇದನ್ನೇ ಎತ್ತಿಹಿಡಿದಿದೆ. ಮೋಟಾರು ಕ್ಯಾರವಾನ್‌ಗಳಿಗೆಂದೇ 'ಎಐಎಸ್-124' ಎಂಬ ಮಾನದಂಡವಿದ್ದು, ನೋಂದಣಿ ವ್ಯವಸ್ಥೆಯಲ್ಲಿ 'ಕ್ಯಾಂಪರ್ ವ್ಯಾನ್' ಎಂಬ ಪ್ರತ್ಯೇಕ ವರ್ಗವೂ ಇದೆ. ಖಾಸಗಿ ಬಳಕೆಯದು ಬೇರೆ, ಬಾಡಿಗೆಯದು ಬೇರೆ.

ದುರಸ್ತಿಯ ಹೆಸರಿನಲ್ಲಿ ಆಸನಗಳನ್ನು ತೆಗೆಯುವುದು, ಚಾವಣಿಯನ್ನು ಎತ್ತರಿಸುವುದು, ಹಿಂಬದಿಗೆ ಚೌಕಟ್ಟನ್ನು ಚಾಚಿ ಬೆಸುಗೆ ಹಾಕಿಸುವುದು ಈ ಕಾರಣದಿಂದ ಗಂಭೀರ ವಿಷಯ. ಪ್ರಾದೇಶಿಕ ಸಾರಿಗೆ ಕಚೇರಿಯ ಅನುಮತಿಯಿಲ್ಲದೆ ಮಾಡಿಸಿದ ಬದಲಾವಣೆಯಿಂದ ಅಪಘಾತದ ಸಂದರ್ಭದಲ್ಲಿ ವಿಮಾ ಪರಿಹಾರಕ್ಕೂ ತೊಡಕಾಗಬಹುದು. ಬಾಡಿಗೆ ವಾಹನಕ್ಕೆ ಮೊದಲ 8 ವರ್ಷ 2 ವರ್ಷಕ್ಕೊಮ್ಮೆ, ಅನಂತರ ಪ್ರತಿವರ್ಷ ಅರ್ಹತಾ ಪತ್ರವನ್ನು ನವೀಕರಿಸಬೇಕು. ಬಾಡಿಗೆ ವಾಹನದಲ್ಲಿ ಆಂಧ್ರದ ಗಡಿ ದಾಟುವವರು ಪರವಾನಗಿಯನ್ನು ಮೊದಲೇ ಪರಿಶೀಲಿಸಿಕೊಳ್ಳುವುದು ಒಳಿತು.

ತೂಕ, ಟೈರು, ಬ್ರೇಕು

ಮೋಟಾರು ಮನೆಯ ತೊಂದರೆಗಳಲ್ಲಿ ಬಹುಪಾಲು ಅತಿಭಾರದಿಂದ ಆರಂಭವಾಗುತ್ತವೆ. 1 ಲೀಟರ್ ನೀರಿಗೆ 1 ಕಿಲೋಗ್ರಾಂ ತೂಕ. 200 ಲೀಟರ್ ತೊಟ್ಟಿ ತುಂಬಿದರೆ ಮೂವರು ವಯಸ್ಕರನ್ನು ಕೂಡಿಸಿದಷ್ಟು ಭಾರ. ಮನೆಯ ಇನ್ವರ್ಟರಿಗೆ ಬಳಸುವ 150 ಆಂಪಿಯರ್-ಗಂಟೆಯ ಟ್ಯೂಬುಲರ್ ಬ್ಯಾಟರಿ ಒಂದೇ 50 ಕಿಲೋಗ್ರಾಂ ಮೀರುತ್ತದೆ. 14.2 ಕಿಲೋಗ್ರಾಂ ಅನಿಲದ ಸಿಲಿಂಡರ್ ತುಂಬಿದಾಗ ಸುಮಾರು 30 ಕಿಲೋಗ್ರಾಂ ತೂಗುತ್ತದೆ. ಇವುಗಳ ಮೇಲೆ ಪ್ಲೈವುಡ್ ಕಪಾಟು, ಹಾಸಿಗೆ, ಹವಾನಿಯಂತ್ರಣ ಯಂತ್ರ ಸೇರಿದರೆ ವಾಹನವು ತನಗೆ ನಿಗದಿಯಾದ ಒಟ್ಟು ತೂಕವನ್ನು ತಿಳಿಯದಂತೆಯೇ ಮೀರಿಬಿಡುತ್ತದೆ.

ಆದುದರಿಂದ ಎಲ್ಲ ಸಾಮಾನು ತುಂಬಿ, ನೀರು, ಡೀಸೆಲ್ ಭರ್ತಿ ಮಾಡಿ, ಲಾರಿ ತೂಗುವ ವೇಬ್ರಿಡ್ಜ್‌ನಲ್ಲಿ ಒಮ್ಮೆಯಾದರೂ ತೂಗಿಸಬೇಕು. ಮುಂದಿನ ಮತ್ತು ಹಿಂದಿನ ಚಕ್ರಗಳ ಭಾರವನ್ನು ಬೇರೆಬೇರೆಯಾಗಿ ತೂಗಿಸಿದರೆ ಇನ್ನೂ ಒಳ್ಳೆಯದು. ಬಂದ ಅಂಕಿಯನ್ನು ನೋಂದಣಿ ಪತ್ರದಲ್ಲಿ ನಮೂದಿಸಿರುವ ಒಟ್ಟು ತೂಕದೊಂದಿಗೆ ಹೋಲಿಸಬೇಕು. ಮೀರಿದ್ದರೆ ಭಾರವನ್ನು ಇಳಿಸಬೇಕೇ ಹೊರತು ಹೆಚ್ಚುವರಿ ಲೀಫ್ ಸ್ಪ್ರಿಂಗ್ ಪಟ್ಟಿ ಹಾಕಿಸಿ ಸುಮ್ಮನಾಗುವುದು ಪರಿಹಾರವಲ್ಲ. ಪಟ್ಟಿ ಭಾರವನ್ನು ಹೊರಬಹುದು, ಬ್ರೇಕು ಮತ್ತು ಟೈರುಗಳ ಮಿತಿ ಇದ್ದಷ್ಟೇ ಇರುತ್ತದೆ.

ಕಾರಿನ ಟೈರು ಓಡಿ ಸವೆಯುತ್ತದೆ, ಮೋಟಾರು ಮನೆಯದು ನಿಂತು ಮುಪ್ಪಾಗುತ್ತದೆ. ಗುಬುಟು ಆಳವಾಗಿದ್ದರೂ ಪಕ್ಕದ ಗೋಡೆಯಲ್ಲಿ ಸೂಕ್ಷ್ಮ ಬಿರುಕುಗಳು ಮೂಡಿರುತ್ತವೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕಂಕಿಯ ಸಂಖ್ಯೆಯಲ್ಲಿ ಮೊದಲೆರಡು ತಯಾರಾದ ವಾರವನ್ನೂ ಕೊನೆಯೆರಡು ವರ್ಷವನ್ನೂ ಸೂಚಿಸುತ್ತವೆ. '2319' ಎಂದಿದ್ದರೆ 2019ರ 23ನೇ ವಾರ ಎಂದರ್ಥ. 5 ವರ್ಷ ಕಳೆದ ಟೈರುಗಳನ್ನು ಪ್ರತಿವರ್ಷ ಪರಿಣತರಿಗೆ ತೋರಿಸಬೇಕು. 10 ವರ್ಷವಾದುದನ್ನು ಹೇಗಿದ್ದರೂ ಬದಲಿಸಬೇಕು. ಗಾಳಿಯ ಒತ್ತಡವನ್ನು ಬೆಳಗ್ಗೆ, ಟೈರು ತಣ್ಣಗಿರುವಾಗಲೇ ನೋಡಬೇಕು. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ 2-3 ವಾರಕ್ಕೊಮ್ಮೆ ವಾಹನವನ್ನು ಒಂದಿಷ್ಟು ಮುಂದಕ್ಕೆ ಚಲಿಸಿ ನಿಲ್ಲಿಸಿದರೆ ಟೈರು ಒಂದೇ ಕಡೆ ಚಪ್ಪಟೆಯಾಗುವುದು ತಪ್ಪುತ್ತದೆ.

ಬ್ರೇಕ್ ಎಣ್ಣೆಯು ಗಾಳಿಯ ತೇವವನ್ನು ಹೀರುವ ಗುಣವುಳ್ಳದ್ದು. ತೇವ ಸೇರಿದಷ್ಟೂ ಅದರ ಕುದಿಯುವ ಬಿಂದು ಇಳಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು 1,265 ಮೀಟರ್ ಎತ್ತರದ ಹಾರ್ಸ್ಲಿ ಹಿಲ್ಸ್‌ನಂತಹ ಬೆಟ್ಟದಿಂದ ಇಳಿಯುವಾಗ ಬ್ರೇಕನ್ನು ಒತ್ತಿಯೇ ಹಿಡಿದರೆ ಬಿಸಿಯೇರಿ ಎಣ್ಣೆ ಕುದಿದು ಪೆಡಲ್ ಪೊಳ್ಳಾಗುತ್ತದೆ. ಬ್ರೇಕ್ ಎಣ್ಣೆಯನ್ನು 2 ವರ್ಷಕ್ಕೊಮ್ಮೆ ಬದಲಿಸುವುದು, ಹತ್ತಿದ ಗೇರಿನಲ್ಲಿಯೇ ಇಳಿಯುವುದು, ಬ್ರೇಕನ್ನು ಬಿಟ್ಟುಬಿಟ್ಟು ಒತ್ತುವುದು ಹಳೆಯ ಲಾರಿ ಚಾಲಕರೆಲ್ಲ ಬಲ್ಲ ಕ್ರಮ. ಏರ್ ಬ್ರೇಕಿರುವ ದೊಡ್ಡ ವಾಹನಗಳಲ್ಲಿ ಗಾಳಿ ತೊಟ್ಟಿಯಲ್ಲಿ ಸಂಗ್ರಹವಾಗುವ ನೀರನ್ನು ನಿಯಮಿತವಾಗಿ ಹೊರಬಿಡಬೇಕು.

ಎಂಜಿನ್ ನಿರ್ವಹಣೆಯಲ್ಲಿ ಕಿಲೋಮೀಟರಿನ ಲೆಕ್ಕವೊಂದೇ ಸಾಲದು. ವರ್ಷಕ್ಕೆ 3 ಸಾವಿರ ಕಿಲೋಮೀಟರ್ ಮಾತ್ರ ಓಡಿದರೂ ಎಂಜಿನ್ ಎಣ್ಣೆ ಹಳೆಯದಾಗುತ್ತದೆ. ತಯಾರಕರು ಹೇಳಿದ ತಿಂಗಳ ಲೆಕ್ಕದಲ್ಲಿ ಬದಲಿಸಬೇಕು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ನಿಯಮದ ಡೀಸೆಲ್ ವಾಹನಗಳಲ್ಲಿ ಹೊಗೆಯ ಮಸಿಯನ್ನು ಹಿಡಿದು ಸುಡುವ ಜಾಲರಿಯಿರುತ್ತದೆ. ಬ್ಯಾಟರಿ ತುಂಬಿಸಲೆಂದು ನಿಂತಲ್ಲಿಯೇ ಗಂಟೆಗಟ್ಟಲೆ ಎಂಜಿನ್ ಓಡಿಸಿದರೆ ಈ ಜಾಲರಿ ಕಟ್ಟಿಕೊಂಡು ದುಬಾರಿ ದುರಸ್ತಿಗೆ ದಾರಿಯಾಗುತ್ತದೆ.

ಚಾವಣಿ ಮತ್ತು ಗೋಡೆ

ನೀರಿನ ಸೋರಿಕೆ ಮೋಟಾರು ಮನೆಯ ಗುಪ್ತ ಶತ್ರು. ನಮ್ಮಲ್ಲಿ ಕಟ್ಟುವ ಬಹುತೇಕ ವಾಹನಗಳಲ್ಲಿ ಕಬ್ಬಿಣದ ಚೌಕಟ್ಟಿನ ಮೇಲೆ ತಗಡು ಅಥವಾ ಫೈಬರ್ ಹೊದಿಸಿ, ಒಳಗೆ ಪ್ಲೈವುಡ್ ಬಡಿಯಲಾಗುತ್ತದೆ. ಚಾವಣಿಯಲ್ಲಿ ಗಾಳಿಕಿಂಡಿ, ಸೋಲಾರ್ ಫಲಕದ ಬೋಲ್ಟು, ತಂತಿ ಒಳಬರುವ ರಂಧ್ರ ಇವೆಲ್ಲವೂ ಸೋರುವ ಜಾಗಗಳೇ. ವಾಹನ ಚಲಿಸುವಾಗ ಚೌಕಟ್ಟು ಸದಾ ಅಲುಗುವುದರಿಂದ ಕೂಡುಗೆರೆಗಳಲ್ಲಿ ಹಾಕಿದ ಅಂಟು ಬಿರುಕು ಬಿಡುತ್ತದೆ.

ಒಳಗೆ ಮುಗ್ಗಲು ವಾಸನೆ, ಪ್ಲೈವುಡ್ ಉಬ್ಬು, ಕಿಟಕಿಯ ಮೂಲೆಯಲ್ಲಿ ಕಂದು ಕಲೆ ಕಂಡರೆ ಸೋರಿಕೆ ಬಹಳ ಹಿಂದೆಯೇ ಆರಂಭವಾಗಿದೆ ಎಂದು ತಿಳಿಯಬೇಕು. ನೀರು ಚೌಕಟ್ಟಿನ ಗುಂಟ ಹರಿದು ಬೇರೆಲ್ಲೋ ತೊಟ್ಟಿಕ್ಕುವುದರಿಂದ ಒದ್ದೆ ಕಂಡ ಜಾಗದ ಮೇಲೆಯೇ ರಂಧ್ರವಿರುತ್ತದೆ ಎನ್ನಲಾಗದು. ಒಬ್ಬರು ಒಳಗಿದ್ದು, ಮತ್ತೊಬ್ಬರು ಹೊರಗೆ ಕೆಳಗಿನಿಂದ ಮೇಲಕ್ಕೆ ಹಂತಹಂತವಾಗಿ ಪೈಪಿನಿಂದ ನೀರು ಬಿಡುತ್ತಾ ಬಂದರೆ ಸೋರುವ ಜಾಗ ಸಿಗುತ್ತದೆ. ಹಳೆಯ ಅಂಟನ್ನು ಪೂರ್ತಿ ಕೆರೆದು, ಒರೆಸಿ, ಒಣಗಿಸಿ ಹೊಸದನ್ನು ಹಾಕಬೇಕು. ಹಳೆಯದರ ಮೇಲೆಯೇ ಬಳಿದ ಸಿಲಿಕೋನ್ ಒಂದು ಮಳೆಗಾಲವನ್ನೂ ತಡೆಯಲಾರದು.

ಮಾವಿನ ತೋಪಿನ ನೆರಳಿನಲ್ಲಿ ವಾಹನ ನಿಲ್ಲಿಸುವವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಮಾವು ಹೂ ಬಿಡುವ ಕಾಲದಲ್ಲಿ ಜಿಗಿಹುಳುಗಳು ಹೊರಸೂಸುವ ಸಿಹಿ ಅಂಟು ಎಲೆಯಿಂದ ಚಾವಣಿಗೆ ಇಳಿಯುತ್ತದೆ. ಅದರ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ, ಧೂಳು ಕೂರುತ್ತದೆ, ಸೋಲಾರ್ ಫಲಕದ ಉತ್ಪಾದನೆ ಕುಸಿಯುತ್ತದೆ. ಉದುರಿದ ಎಲೆಗಳು ನೀರು ಹರಿಯುವ ಕಾಲುವೆಗಳನ್ನು ಮುಚ್ಚುತ್ತವೆ. ಮುಂಜಾನೆ ಫಲಕ ತಣ್ಣಗಿರುವಾಗ ಮೃದು ಬಟ್ಟೆ ಮತ್ತು ನೀರಿನಿಂದ ತೊಳೆಯಬೇಕು. ಸುಡುವ ಗಾಜಿನ ಮೇಲೆ ಬಿಸಿಲಿನಲ್ಲಿ ತಣ್ಣೀರು ಸುರಿಯುವುದು ತರವಲ್ಲ.

ವಿದ್ಯುತ್ ವ್ಯವಸ್ಥೆ

ಮೋಟಾರು ಮನೆಯಲ್ಲಿ ಎರಡು ವಿದ್ಯುತ್ ಜಾಲಗಳಿರುತ್ತವೆ. ದೀಪ, ಫ್ಯಾನು, ನೀರಿನ ಪಂಪುಗಳಿಗೆ 12 ವೋಲ್ಟ್. ಹವಾನಿಯಂತ್ರಣ ಯಂತ್ರ, ಮಿಕ್ಸಿಗಳಿಗೆ 230 ವೋಲ್ಟ್. 12 ವೋಲ್ಟಿನಿಂದ ಅಪಾಯವಿಲ್ಲ ಎಂಬುದು ತಪ್ಪು ಗ್ರಹಿಕೆ. 500 ವಾಟ್ ಉಪಕರಣವು 230 ವೋಲ್ಟಿನಲ್ಲಿ ಸುಮಾರು 2 ಆಂಪಿಯರ್ ಎಳೆದರೆ, ಅದೇ ಉಪಕರಣ 12 ವೋಲ್ಟಿನಲ್ಲಿ ಸುಮಾರು 42 ಆಂಪಿಯರ್ ಎಳೆಯುತ್ತದೆ. ತೆಳು ತಂತಿ ಹಾಕಿದ್ದರೆ ಅದು ಕಾದು ಹೊದಿಕೆ ಕರಗಿ ಬೆಂಕಿ ಹೊತ್ತಿಕೊಳ್ಳುತ್ತದೆ. ಬ್ಯಾಟರಿಯಿಂದ ಹೊರಡುವ ಧನ ತಂತಿಗೆ ಬ್ಯಾಟರಿಯ ಹತ್ತಿರದಲ್ಲಿಯೇ ಫ್ಯೂಸ್ ಇರಬೇಕು. ಫ್ಯೂಸ್ ಸುಟ್ಟರೆ ಅದೇ ಅಳತೆಯದನ್ನು ಹಾಕಬೇಕು. ದೊಡ್ಡ ಫ್ಯೂಸ್ ಹಾಕುವುದು ರೋಗವನ್ನು ಬಿಟ್ಟು ರೋಗದ ಲಕ್ಷಣವನ್ನು ಮುಚ್ಚಿದಂತೆ.

ಸೀಸ-ಆಮ್ಲ ಬ್ಯಾಟರಿ ಪೂರ್ಣ ತುಂಬಿ ವಿಶ್ರಮಿಸಿದಾಗ ಸುಮಾರು 12.7 ವೋಲ್ಟ್ ತೋರಿಸುತ್ತದೆ. ಅರ್ಧಕ್ಕಿಂತ ಕೆಳಗೆ ಮತ್ತೆಮತ್ತೆ ಇಳಿದರೆ ಅದರ ಆಯಸ್ಸು ಕುಗ್ಗುತ್ತದೆ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ನೀರಿನ ಮಟ್ಟ ನೋಡಿ ಡಿಸ್ಟಿಲ್ಡ್ ವಾಟರ್ ಮಾತ್ರ ತುಂಬಿಸಬೇಕು. ಕೊಳವೆ ಬಾವಿಯ ನೀರು ಸಲ್ಲದು. ಟರ್ಮಿನಲ್‌ಗಳಲ್ಲಿ ಕಟ್ಟುವ ಬಿಳಿ-ಹಸಿರು ಕಿಟ್ಟವನ್ನು ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆದು, ಒಣಗಿಸಿ, ಪೆಟ್ರೋಲಿಯಂ ಜೆಲ್ಲಿ ಸವರಬೇಕು. ಲಿಥಿಯಂ ಬ್ಯಾಟರಿಗೆ ಅದಕ್ಕೆ ಹೊಂದುವ ಚಾರ್ಜರ್ ಬೇಕು. ಸೀಸದ ಬ್ಯಾಟರಿ ತೆಗೆದು ಲಿಥಿಯಂ ಕೂರಿಸಿ ಹಳೆಯ ಚಾರ್ಜರನ್ನೇ ಮುಂದುವರಿಸುವುದು ಅಪಾಯಕಾರಿ.

12 ವೋಲ್ಟಿನ 100 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಅಡಗಿರುವುದು ಸುಮಾರು 1.2 ಯೂನಿಟ್ ವಿದ್ಯುತ್. 1 ಟನ್ ಹವಾನಿಯಂತ್ರಣ ಯಂತ್ರ ಗಂಟೆಗೆ ಸುಮಾರು 1 ಯೂನಿಟ್ ಬಳಸುತ್ತದೆ. ಅಂದರೆ ಇಡೀ ರಾತ್ರಿ ತಂಪು ಬೇಕೆಂದರೆ ಬ್ಯಾಟರಿಯ ದೊಡ್ಡ ಸಾಲೇ ಬೇಕು, ಇಲ್ಲವೇ ಹೊರಗಿನ ವಿದ್ಯುತ್ತು ಅಥವಾ ಜನರೇಟರ್ ಬೇಕು. ಅಪಾಯದ ಬಾಗಿಲು ತೆರೆಯುವುದು ಇಲ್ಲಿಯೇ.

ತೋಟದ ಮನೆಯಿಂದ ತಂತಿ ಎಳೆದು ವಾಹನಕ್ಕೆ ವಿದ್ಯುತ್ ಕೊಡುವಾಗ ಅರ್ಥಿಂಗ್ ಸರಿಯಿಲ್ಲದಿದ್ದರೆ ವಾಹನದ ಲೋಹದ ಮೈಗೇ ವಿದ್ಯುತ್ ಹರಿಯಬಹುದು. ಟೈರುಗಳು ರಬ್ಬರಿನವಾದ್ದರಿಂದ ಆ ವಿದ್ಯುತ್ತು ನೆಲಕ್ಕಿಳಿಯುವುದಿಲ್ಲ. ಬರಿಗಾಲಿನಲ್ಲಿ ನಿಂತು ಬಾಗಿಲ ಹಿಡಿಯನ್ನು ಮುಟ್ಟಿದವರ ಮೂಲಕ ಇಳಿಯುತ್ತದೆ. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದ ಮೋಟಾರು ಮನೆಗೆ ಹೊರಗಿನ ವಿದ್ಯುತ್ ಕೊಡಲೇಬಾರದು. ಅದರ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ಗ್ರಾಮಾಂತರದಲ್ಲಿ ವೋಲ್ಟೇಜ್ ಏರಿಳಿತ ಸಾಮಾನ್ಯವಾದ್ದರಿಂದ ಸ್ಟೆಬಿಲೈಸರ್ ಇರುವುದು ಲೇಸು.

ಹೊಗೆ, ಅನಿಲ, ಬೆಂಕಿ

ಕೇರಳದ ಕೋಯಿಕ್ಕೋಡ್ ಜಿಲ್ಲೆಯ ವಡಕರದಲ್ಲಿ 2024ರ ಡಿಸೆಂಬರ್ 23ರಂದು ರಸ್ತೆಬದಿ ನಿಂತಿದ್ದ ಕ್ಯಾರವಾನ್ ಒಂದರಲ್ಲಿ ಇಬ್ಬರು ಶವವಾಗಿ ಪತ್ತೆಯಾದರು. ಜನರೇಟರಿನಿಂದ ಹೊರಬಂದ ಕಾರ್ಬನ್ ಮಾನಾಕ್ಸೈಡ್ ಅನಿಲ ವಾಹನದ ತಳದ ರಂಧ್ರದ ಮೂಲಕ ಒಳಸೇರಿದ್ದೇ ಸಾವಿಗೆ ಕಾರಣವೆಂದು ಕೋಯಿಕ್ಕೋಡ್‌ನ ಎನ್‌ಐಟಿ ತಜ್ಞರ ಪರೀಕ್ಷೆಯಿಂದ ತಿಳಿದುಬಂದಿತು. ಅಪಘಾತವಿಲ್ಲ, ಬೆಂಕಿಯಿಲ್ಲ; ನಿಂತ ವಾಹನದಲ್ಲಿ, ಒಂದು ರಂಧ್ರದಿಂದ ಎರಡು ಜೀವಗಳು ಹೋದವು.

ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್‌ನೊಂದಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಬೆಸೆದುಕೊಳ್ಳುತ್ತದೆ. ಮೊದಲು ತಲೆನೋವು, ಓಕರಿಕೆ, ಮಂಪರು ಬರುತ್ತವೆ. ಮಲಗಿದವರಿಗೆ ಅವೂ ತಿಳಿಯುವುದಿಲ್ಲ. ಆದುದರಿಂದ ನಿರ್ವಹಣೆಯ ಪಟ್ಟಿಯಲ್ಲಿ ಮೊದಲ ಸ್ಥಾನ ಇದಕ್ಕೇ ಸಲ್ಲಬೇಕು. ವಾಹನದ ತಳಭಾಗದಲ್ಲಿ ತಂತಿ, ಪೈಪುಗಳಿಗೆಂದು ಕೊರೆದ ಪ್ರತಿಯೊಂದು ರಂಧ್ರವನ್ನೂ ವರ್ಷಕ್ಕೆ ಎರಡು ಬಾರಿ ಟಾರ್ಚು ಹಿಡಿದು ಪರೀಕ್ಷಿಸಿ ಮುಚ್ಚಬೇಕು. ಹೊಗೆ ಕೊಳವೆಯ ಜೋಡಣೆಗಳಲ್ಲಿ ಕಪ್ಪು ಮಸಿ ಕಂಡರೆ ಅಲ್ಲಿ ಸೋರಿಕೆಯಿದೆ ಎಂದರ್ಥ. ಒಳಗೆ ಜನ ಮಲಗಿರುವಾಗ ಜನರೇಟರನ್ನಾಗಲಿ ಎಂಜಿನನ್ನಾಗಲಿ ಓಡಿಸಬಾರದು. ಮಲಗುವ ಜಾಗದ ಹತ್ತಿರ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲೇಬೇಕು. ಇದ್ದಿಲ ಒಲೆಯನ್ನು ಚಳಿಗೆಂದು ಒಳಗಿಡುವುದೂ ಇಷ್ಟೇ ಮಾರಕ.

ಅಡುಗೆ ಅನಿಲದ ಸ್ವಭಾವ ಬೇರೆ. ಅದು ಗಾಳಿಗಿಂತ ಭಾರವಾದ್ದರಿಂದ ಸೋರಿದಾಗ ನೆಲದ ಮಟ್ಟದಲ್ಲಿ ಸಂಗ್ರಹವಾಗುತ್ತದೆ. ಸಿಲಿಂಡರ್ ಇಡುವ ಗೂಡು ಮಲಗುವ ಭಾಗದಿಂದ ಪೂರ್ತಿ ಬೇರೆಯಾಗಿದ್ದು, ಅದರ ತಳದಲ್ಲಿ ಹೊರಗೆ ತೆರೆದ ಕಿಂಡಿಯಿರಬೇಕು. ಈ ಕಿಂಡಿಯನ್ನು ಧೂಳು ಬರುತ್ತದೆಂದು ಬಟ್ಟೆಯಿಂದ ಮುಚ್ಚುವವರಿದ್ದಾರೆ. ಇದು ದೊಡ್ಡ ತಪ್ಪು. ಸಿಲಿಂಡರನ್ನು ನೇರವಾಗಿ ನಿಲ್ಲಿಸಿ ಪಟ್ಟಿಯಿಂದ ಬಿಗಿಯಬೇಕು. ಐಎಸ್‌ಐ ಗುರುತಿನ ಸುರಕ್ಷಾ ರಬ್ಬರ್ ಕೊಳವೆಯನ್ನು 5 ವರ್ಷಕ್ಕೊಮ್ಮೆ, ಬಿರುಕು ಕಂಡರೆ ಆಗಲೇ ಬದಲಿಸಬೇಕು. ಜೋಡಣೆಗಳನ್ನು ಸೋಪು ನೀರಿನಿಂದ ಪರೀಕ್ಷಿಸಬೇಕು, ಬೆಂಕಿಕಡ್ಡಿಯಿಂದಲ್ಲ. ವಾಹನ ಹೊರಡುವ ಮುನ್ನ ರೆಗ್ಯುಲೇಟರ್ ಮುಚ್ಚಿರಬೇಕು. ಅನಿಲ ಸೋರಿಕೆಯ ತುರ್ತು ನೆರವಿಗೆ ದೂರವಾಣಿ ಸಂಖ್ಯೆ 1906, ಇತರ ತುರ್ತು ಸಂದರ್ಭಗಳಿಗೆ 112.

ಬೆಂಕಿಯ ವಿಷಯದಲ್ಲಿ ಬಸ್ ದುರಂತಗಳು ಕಲಿಸಿರುವ ಪಾಠ ದೊಡ್ಡದು. 2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಬಸ್ಸಿಗೆ ಪಾಲೆಂ ಬಳಿ ಬೆಂಕಿ ಬಿದ್ದು 45 ಮಂದಿ ಸತ್ತರು. 2025ರ ಅಕ್ಟೋಬರ್ 24ರಂದು ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಬಸ್ಸು ಕರ್ನೂಲು ಬಳಿ ಹೊತ್ತಿ ಉರಿದು 19 ಪ್ರಯಾಣಿಕರು ಬಲಿಯಾದರು. ಮುಚ್ಚಿದ ವಾಹನದಲ್ಲಿ ಬೆಂಕಿ ಹಬ್ಬಲು ಬೇಕಾಗುವುದು ಕೆಲವೇ ನಿಮಿಷ. ಪರದೆ, ಫೋಮು, ಪ್ಲೈವುಡ್ ತುಂಬಿದ ಮೋಟಾರು ಮನೆಯಲ್ಲಿ ಅಪಾಯ ಇನ್ನೂ ಹೆಚ್ಚು. ಮುಖ್ಯ ಬಾಗಿಲಲ್ಲದೆ ಹೊರಹೋಗಲು ಇನ್ನೊಂದು ದಾರಿ ಇರಬೇಕು; ಅದರ ಮುಂದೆ ಸಾಮಾನು ಪೇರಿಸಿರಬಾರದು. ವಿದ್ಯುತ್ ಕೈಕೊಟ್ಟರೂ ಬಾಗಿಲು ಕೈಯಿಂದ ತೆರೆಯುವಂತಿರಬೇಕು. ಎಬಿಸಿ ಮಾದರಿಯ ಅಗ್ನಿಶಾಮಕ ಒಂದು ಬಾಗಿಲ ಬಳಿ, ಇನ್ನೊಂದು ಮಲಗುವ ಕಡೆ ಇರುವುದು ಯೋಗ್ಯ. ಕಿಟಕಿಯ ಗಾಜು ಒಡೆಯುವ ಸುತ್ತಿಗೆ ಎಲ್ಲಿದೆ ಎಂಬುದು ಮನೆಯ ಮಕ್ಕಳಿಗೂ ತಿಳಿದಿರಬೇಕು.

ನೀರು ಮತ್ತು ತ್ಯಾಜ್ಯ

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಆಳದ ಕೊಳವೆ ಬಾವಿಗಳೇ ಆಧಾರ. ಈ ನೀರು ಹಲವೆಡೆ ಗಡುಸಾಗಿದ್ದು, ಫ್ಲೋರೈಡ್ ಅಂಶವನ್ನೂ ಒಳಗೊಂಡಿದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದಲ್ಲಿ 1.5 ಮಿಲಿಗ್ರಾಂ ಮೀರಬಾರದು ಎಂಬುದು ಭಾರತೀಯ ಮಾನಕ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಂತೆ ಅದರ ಸಾಂದ್ರತೆ ಹೆಚ್ಚುತ್ತದೆ. ಆದುದರಿಂದ ಪ್ರವಾಸಿಗರು ತೊಟ್ಟಿಯ ನೀರನ್ನು ತೊಳೆಯಲು, ಸ್ನಾನಕ್ಕೆ ಬಳಸಿ, ಕುಡಿಯಲು ಹಾಗೂ ಅಡುಗೆಗೆ ಗ್ರಾಮಗಳ ಶುದ್ಧ ಕುಡಿಯುವ ನೀರಿನ ಘಟಕಗಳಿಂದ ಬೇರೆ ಕ್ಯಾನಿನಲ್ಲಿ ಹಿಡಿದುಕೊಳ್ಳುವುದು ಸರಿಯಾದ ಕ್ರಮ.

ಗಡುಸು ನೀರಿನ ಸುಣ್ಣ ಗೀಸರಿನ ಕಾಯಿಲ್, ನಲ್ಲಿಯ ಜಾಲರಿ, ಪಂಪಿನ ಕವಾಟಗಳಲ್ಲಿ ಕಟ್ಟಿಕೊಳ್ಳುತ್ತದೆ. ಗೀಸರ್ ನಿಧಾನವಾದರೆ, ಕುದಿಯುವ ಸದ್ದು ಹೆಚ್ಚಾದರೆ ಸುಣ್ಣ ಕಟ್ಟಿದೆ ಎಂದು ತಿಳಿಯಬೇಕು. ವಿದ್ಯುತ್ ತೆಗೆದು, ತಣ್ಣಗಾದ ಮೇಲೆ, ಸಿಟ್ರಿಕ್ ಆಮ್ಲದ ಪುಡಿ ಕರಗಿಸಿದ ನೀರು ತುಂಬಿ ಕೆಲವು ಗಂಟೆ ಬಿಟ್ಟು ಚೆನ್ನಾಗಿ ತೊಳೆದರೆ ಬಹುಪಾಲು ಬಿಡುತ್ತದೆ. ನಲ್ಲಿ ಮುಚ್ಚಿದ್ದರೂ ಪಂಪು ಆಗಾಗ ಸದ್ದು ಮಾಡುತ್ತಿದ್ದರೆ ಎಲ್ಲೋ ಸೋರಿಕೆಯಿದೆ ಅಥವಾ ಕವಾಟದಲ್ಲಿ ಕಸ ಸಿಕ್ಕಿದೆ ಎಂದರ್ಥ.

ತಿಂಗಳುಗಟ್ಟಲೆ ನಿಂತ ತೊಟ್ಟಿಯನ್ನು ಬಳಸುವ ಮುನ್ನ ಶುದ್ಧಗೊಳಿಸಬೇಕು. ಶೇ 5ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣವನ್ನು 100 ಲೀಟರಿಗೆ 100 ಮಿಲಿಲೀಟರ್ ಪ್ರಮಾಣದಲ್ಲಿ ಬೆರೆಸಿ, ಎಲ್ಲ ನಲ್ಲಿಗಳಲ್ಲಿ ವಾಸನೆ ಬರುವವರೆಗೆ ಹರಿಸಿ, 4 ಗಂಟೆ ಬಿಟ್ಟು, ಹೊರಚೆಲ್ಲಿ, ಶುದ್ಧ ನೀರಿನಿಂದ ಎರಡು ಬಾರಿ ತೊಳೆಯಬೇಕು. ಇದನ್ನು ಸಿಟ್ರಿಕ್ ಆಮ್ಲದೊಂದಿಗೆ ಎಂದಿಗೂ ಬೆರೆಸಬಾರದು, ವಿಷಾನಿಲ ಹೊರಡುತ್ತದೆ. ವಾಹನ ನಿಲ್ಲಿಸಿಡುವಾಗ ತೊಟ್ಟಿಯನ್ನು ಖಾಲಿ ಮಾಡಿ ಮುಚ್ಚಳಕ್ಕೆ ಜಾಲರಿ ಕಟ್ಟದಿದ್ದರೆ ಸೊಳ್ಳೆಗಳ ತವರಾಗುತ್ತದೆ.

ಶೌಚದ ತೊಟ್ಟಿಯನ್ನು ಒಳಚರಂಡಿ ಸಂಪರ್ಕ ಅಥವಾ ಶೌಚಗುಂಡಿಯಿರುವ ಕಡೆ, ಸ್ಥಳದವರ ಒಪ್ಪಿಗೆ ಪಡೆದು ಖಾಲಿ ಮಾಡಬೇಕು. ಕೆರೆಗಳ ಸಾಲಿಗೆ ಹೆಸರಾದ ಈ ಜಿಲ್ಲೆಯಲ್ಲಿ ಕೆರೆಯ ಅಂಗಳದ ನೀರು ಇಂಗಿ ಊರಿನ ಕೊಳವೆ ಬಾವಿಗಳನ್ನು ಸೇರುತ್ತದೆ. ಬಟ್ಟಬಯಲಲ್ಲಿ, ರಾಜಕಾಲುವೆಯಲ್ಲಿ ಸುರಿದ ಮಲಿನವು ಅದೇ ಊರಿನವರ ಕುಡಿಯುವ ನೀರಿಗೆ ಮರಳುತ್ತದೆ ಎಂಬುದನ್ನು ಪ್ರವಾಸಿಗರು ಮರೆಯುವಂತಿಲ್ಲ.

ಇಲಿ ಮತ್ತು ಧೂಳು

ನಿಂತ ವಾಹನಕ್ಕೆ ಇಲಿಯಷ್ಟು ಹಾನಿ ಮಾಡುವುದು ಬೇರೊಂದಿಲ್ಲ. ತೋಟ, ಹೊಲಗಳ ಬಳಿ ನಿಂತ ವಾಹನದ ಎಂಜಿನ್ ಗೂಡಿಗೆ ಸೇರಿ ತಂತಿಗಳ ಹೊದಿಕೆಯನ್ನು ಕಡಿಯುತ್ತವೆ. ಕಡಿದ ತಂತಿಯಿಂದ ಶಾರ್ಟ್ ಸರ್ಕ್ಯೂಟ್ ಸಂಭವಿಸಬಹುದು. ತಳದ ರಂಧ್ರಗಳನ್ನು ಉಕ್ಕಿನ ಜಾಲರಿಯಿಂದ ಮುಚ್ಚುವುದು, ಆಹಾರದ ಚೂರೂ ಉಳಿಯದಂತೆ ಒರೆಸುವುದು, ವಾರಕ್ಕೊಮ್ಮೆ ಬಾನೆಟ್ ತೆರೆದು ನೋಡುವುದು ಇದಕ್ಕಿರುವ ಉಪಾಯಗಳು. ಕೆಮ್ಮಣ್ಣಿನ ಹಾದಿಗಳಲ್ಲಿ ಓಡಿದ ಬಳಿಕ ಎಂಜಿನ್ನಿನ ಏರ್ ಫಿಲ್ಟರ್, ಹವಾನಿಯಂತ್ರಣ ಯಂತ್ರದ ಜಾಲರಿಗಳನ್ನು ಸ್ವಚ್ಛಗೊಳಿಸಬೇಕು.

ದುರಸ್ತಿ ಯಾರಿಂದ?

ಮೋಟಾರು ಮನೆಗೆಂದೇ ಪರಿಣತಿ ಪಡೆದ ಗ್ಯಾರೇಜುಗಳು ಜಿಲ್ಲಾ ಕೇಂದ್ರಗಳಲ್ಲಿಯೂ ವಿರಳ. ಆದರೆ ಅದರ ಬಿಡಿಭಾಗಗಳನ್ನು ಬಲ್ಲವರು ಹೆದ್ದಾರಿಯುದ್ದಕ್ಕೂ ಇದ್ದಾರೆ. ಮಾವು, ಟೊಮೆಟೊ ಹೊತ್ತ ಲಾರಿಗಳು ಹಗಲಿರುಳು ಸಂಚರಿಸುವ ಕೋಲಾರ ಜಿಲ್ಲೆಯ ಪಟ್ಟಣಗಳಲ್ಲಿ ಲಾರಿ ಮೆಕ್ಯಾನಿಕ್, ಟಿಂಕರಿಂಗ್, ವೆಲ್ಡಿಂಗ್, ಪಂಕ್ಚರ್ ಅಂಗಡಿಗಳಿಗೆ ಕೊರತೆಯಿಲ್ಲ. ಎಂಜಿನ್, ಬ್ರೇಕು, ಸ್ಪ್ರಿಂಗುಗಳಿಗೆ ಅವರೇ ಸಾಕು. ನೀರಿನ ಪಂಪಿಗೆ ಪ್ಲಂಬರ್, 230 ವೋಲ್ಟ್ ಜಾಲಕ್ಕೆ ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ ಬೇಕು. ಅನಿಲದ ಜೋಡಣೆಯನ್ನು ಅಧಿಕೃತ ಅನಿಲ ವಿತರಕರ ಮೆಕ್ಯಾನಿಕ್‌ಗೆ ತೋರಿಸಬೇಕು.

ಮೂರು ಮಂದಿ ಮೂರು ಕೆಲಸ ಮಾಡುವಾಗ ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ತಿಳಿದಿರಬೇಕು. ಆದುದರಿಂದ ಪ್ರತಿ ಮೋಟಾರು ಮನೆಯಲ್ಲಿಯೂ ತಂತಿ, ಪೈಪುಗಳ ನಕ್ಷೆ ಹಾಗೂ ದುರಸ್ತಿಯ ದಿನಾಂಕಗಳನ್ನು ಬರೆದ ಪುಸ್ತಕವೊಂದು ಇರುವುದು ಅವಶ್ಯ. ವೆಲ್ಡಿಂಗ್ ಮಾಡಿಸುವ ಮುನ್ನ ಸಿಲಿಂಡರನ್ನು ಕೆಳಗಿಳಿಸಿ, ಬ್ಯಾಟರಿಯ ಸಂಪರ್ಕ ಕಳಚಬೇಕು. ಇಲ್ಲದಿದ್ದರೆ ವಾಹನದ ಇಸಿಎಂ ಸುಟ್ಟುಹೋಗಬಹುದು. ಗೋಡೆಯ ಹಿಂದೆ ಫೋಮು, ತಂತಿ ಇರುವ ಕಡೆ ಬೆಸುಗೆಯ ಕಿಡಿ ಒಳಗೊಳಗೇ ಹೊಗೆಯಾಡಿ ಗಂಟೆಗಳ ನಂತರ ಬೆಂಕಿಯಾದೀತು.

ವರ್ಷದ ಪಟ್ಟಿ

ಈ ಭಾಗದ ಹವಾಮಾನಕ್ಕೆ ಹೊಂದುವ ನಿರ್ವಹಣೆಯ ಕ್ರಮ ಹೀಗಿದೆ.

ಜನವರಿ-ಫೆಬ್ರವರಿ: ಮಾವಿನ ಹೂವಿನ ಕಾಲ. ಚಾವಣಿ, ಸೋಲಾರ್ ಫಲಕಗಳ ಅಂಟು ತೊಳೆಯುವುದು.

ಮಾರ್ಚ್-ಏಪ್ರಿಲ್: ಬ್ಯಾಟರಿಯ ನೀರು, ರೇಡಿಯೇಟರ್ ಕೂಲೆಂಟ್, ಟೈರಿನ ಒತ್ತಡ, ಹವಾನಿಯಂತ್ರಣ ಯಂತ್ರದ ಜಾಲರಿ ಪರೀಕ್ಷೆ.

ಮೇ-ಜೂನ್: ಗಾಳಿಮಳೆ, ಆಲಿಕಲ್ಲಿನ ಬಳಿಕ ಚಾವಣಿಯ ಕಿಂಡಿ, ಫಲಕಗಳನ್ನು ನೋಡುವುದು. ಮಾವಿನ ಸುಗ್ಗಿಯಲ್ಲಿ ರಸ್ತೆಗಳಲ್ಲಿ ಲಾರಿ ಸಂಚಾರ ಹೆಚ್ಚಿರುವುದರಿಂದ ದೀಪ, ಬ್ರೇಕು, ಪ್ರತಿಫಲಕ ಪಟ್ಟಿಗಳ ಪರೀಕ್ಷೆ.

ಜುಲೈ-ಆಗಸ್ಟ್: ಕೂಡುಗೆರೆಗಳ ಅಂಟು ಬದಲಾವಣೆ, ತಳಭಾಗಕ್ಕೆ ತುಕ್ಕುನಿರೋಧಕ ಲೇಪನ.

ಸೆಪ್ಟೆಂಬರ್-ಅಕ್ಟೋಬರ್: ಕೋಲಾರ ಸೀಮೆಯಲ್ಲಿ ಮಳೆ ಹೆಚ್ಚು ಬೀಳುವ ತಿಂಗಳುಗಳು. ಪ್ರತಿ ಮಳೆಯ ನಂತರ ಒಳಗಿನ ತೇವ ಪರೀಕ್ಷೆ.

ನವೆಂಬರ್-ಡಿಸೆಂಬರ್: ಚಳಿಗೆ ಕಿಟಕಿಗಳನ್ನೆಲ್ಲ ಮುಚ್ಚಿ ಮಲಗುವ ಕಾಲ. ತಳದ ರಂಧ್ರಗಳು, ಹೊಗೆ ಕೊಳವೆ, ಅನಿಲದ ಕೊಳವೆ, ಕಾರ್ಬನ್ ಮಾನಾಕ್ಸೈಡ್ ಅಲಾರಂ ಇವುಗಳ ಪೂರ್ಣ ತಪಾಸಣೆ. ವಡಕರದ ದುರಂತ ನಡೆದದ್ದೂ ಡಿಸೆಂಬರಿನಲ್ಲಿಯೇ.

ಪ್ರತಿ ಪ್ರಯಾಣಕ್ಕೆ ಮುನ್ನ: ರೆಗ್ಯುಲೇಟರ್ ಮುಚ್ಚಿದೆಯೇ, ಹೊರಗಿನ ವಿದ್ಯುತ್ ತಂತಿ ಕಳಚಿದೆಯೇ, ಕಪಾಟುಗಳಿಗೆ ಚಿಲಕ ಹಾಕಿದೆಯೇ, ಚಾವಣಿಯ ಕಿಂಡಿ ಮುಚ್ಚಿದೆಯೇ, ಮೆಟ್ಟಿಲು ಮಡಚಿದೆಯೇ ಎಂಬ ಐದು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆಯೇ ಗಾಡಿ ಕದಲಬೇಕು.

ಕಾರ್ಬನ್ ಮಾನಾಕ್ಸೈಡ್ ಅಲಾರಂ, ಆರ್‌ಸಿಸಿಬಿ, ಅನಿಲದ ಕೊಳವೆ, ಅಗ್ನಿಶಾಮಕ ಇವುಗಳ ಒಟ್ಟು ವೆಚ್ಚ ವಾಹನದ ಬೆಲೆಯಲ್ಲಿ ತೀರಾ ಸಣ್ಣ ಪಾಲು. ಮೋಟಾರು ಮನೆಯನ್ನು ಬಾಡಿಗೆಗೆ ಪಡೆಯುವವರೂ ಹಾಸಿಗೆ ಎಷ್ಟು ಮೆತ್ತಗಿದೆ ಎಂದು ನೋಡುವ ಮೊದಲು ಈ ನಾಲ್ಕು ವಸ್ತುಗಳನ್ನು ತೋರಿಸುವಂತೆ ಕೇಳುವುದು ಉಚಿತ. ಅವನ್ನು ತೋರಿಸಲಾಗದ ವಾಹನದಲ್ಲಿ ರಾತ್ರಿ ಕಳೆಯದಿರುವುದೇ ಕ್ಷೇಮ.